ತುಮಕೂರಿನ ಕೆಮ್ಮು, ಒಮಾನಿನ ಸೂಜಿ: ಆರೋಗ್ಯ ನೆರವಿನ ಇತಿಹಾಸದಲ್ಲಿ ಕೊಡು-ಕೊಳ್ಳುವ ಕಲಿಕೆ

2017ರ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ತಂಗಿಯ ಮೊಮ್ಮಗನಿಗೆ ಆರು ವಾರ ತುಂಬಿತ್ತು. ಲಸಿಕೆ ಹಾಕಿಸಲು ಅಂಗನವಾಡಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಸಿಸ್ಟರ್ ಮೊದಲು ಮಗುವಿನ ಬಾಯಿಗೆ ಪೋಲಿಯೊ ಹನಿ ಹಾಕಿದರು, ತೊಡೆಗೆ ಚುಚ್ಚುಮದ್ದು ಕೊಟ್ಟರು. ಆಮೇಲೆ ಬಲತೋಳಿನ ಮೇಲ್ಭಾಗದಲ್ಲಿ, ಚರ್ಮದ ಪದರದೊಳಗೆ, ಸಣ್ಣ ಸೂಜಿಯಿಂದ ಒಂದಿಷ್ಟು ಮದ್ದು ಬಿಟ್ಟರು. ಚರ್ಮ ಬೇಳೆಕಾಳಿನಷ್ಟು ಉಬ್ಬಿ ನಿಂತಿತು.

"ಇಷ್ಟೇನಾ? ಪೂರ್ತಿ ಹಾಕಮ್ಮ" ಎಂದಳು ತಂಗಿ.

"ಇದರ ಅಳತೆಯೇ ಇಷ್ಟು ಅಮ್ಮಾ. ಪೂರ್ತಿ ಡೋಸಿನಲ್ಲಿ ಐದನೇ ಒಂದು ಪಾಲು. ಚರ್ಮದೊಳಗೆ ಹಾಕಿದರೆ ಇಷ್ಟು ಸಾಕು" ಎಂದರು ಸಿಸ್ಟರ್.

ಈ ಮಾತಿನ ಹಿಂದೆ ಒಮಾನ್ ದೇಶದ ಮಕ್ಕಳಿದ್ದಾರೆ ಎಂದು ಆಕೆಗೆ ಹೇಳಬೇಕೆನಿಸಿತು. ಹೊರಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಕೆಲಸದ ಹೊತ್ತಿನಲ್ಲಿ ಕಥೆ ಬೇಡವೆಂದು ಸುಮ್ಮನಾದೆ. ಅಂದು ಹೇಳದೆ ಉಳಿದದ್ದನ್ನು ನಮ್ಮ ಸಂಘದ ಈ ವರ್ಷದ ಸ್ಮರಣ ಸಂಚಿಕೆಗಾಗಿ ಬರೆಯುತ್ತಿದ್ದೇನೆ.

ಅಂತರರಾಷ್ಟ್ರೀಯ ನೆರವು ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಶ್ರೀಮಂತ ದೇಶದ ತಜ್ಞ ಬರುತ್ತಾನೆ, ಬಡ ದೇಶ ಕೈಚಾಚುತ್ತದೆ. ಜೀಪು, ಯಂತ್ರ, ಔಷಧಿಯ ಪೆಟ್ಟಿಗೆಗಳು ಇಳಿಯುತ್ತವೆ. ಆದರೆ ವೈದ್ಯಕೀಯ ಇತಿಹಾಸವನ್ನು ಹತ್ತಿರದಿಂದ ನೋಡಿದರೆ, ನೆರವು ನಿಜವಾಗಿ ಫಲ ಕೊಟ್ಟ ಕಡೆಗಳಲ್ಲೆಲ್ಲ ಕೊಡಲು ಬಂದವರೂ ಏನನ್ನಾದರೂ ಕಲಿತು ಹೋಗಿದ್ದಾರೆ. ಇದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಒಂದು ನಮ್ಮ ತುಮಕೂರು ಜಿಲ್ಲೆಯದು, ಇನ್ನೊಂದು ನಮಗೆ ಅನ್ನ ಕೊಟ್ಟ ಒಮಾನಿನದು.

ಹುಳುವಿನ ಜೊತೆ ಸಾಕುವವರೂ ಬರಲಿ

ಕನ್ನಡ ನಾಡಿಗೂ ಮಸ್ಕತ್‌ಗೂ ಇರುವ ನಂಟು ನಾವು ವೀಸಾ ಹಿಡಿದು ಬಂದ ದಿನದಿಂದ ಶುರುವಾದದ್ದಲ್ಲ. ಮಂಗಳೂರಿನ ಅಕ್ಕಿ ಹಡಗು ಹತ್ತಿ ಮಸ್ಕತ್‌ಗೆ ಬರುತ್ತಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಅಲ್ಲಿದ್ದ ತನ್ನ ಅಧಿಕಾರಿಗೆ ಆತ ಬರೆಸಿದ ಪತ್ರಗಳು ಉಳಿದುಬಂದಿವೆ. ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಅವುಗಳನ್ನು ಅನುವಾದಿಸಿ 1811ರಲ್ಲಿ ಪ್ರಕಟಿಸಿದ.

ಆ ಪತ್ರಗಳಲ್ಲಿ ಶ್ರೀಗಂಧ, ಮೆಣಸು, ಅಕ್ಕಿಯ ದರಗಳ ನಡುವೆ ಒಂದು ಕುತೂಹಲದ ಬೇಡಿಕೆ ಇದೆ. ಆ ಕಡಲ ಭಾಗದಿಂದ ರೇಷ್ಮೆ ಹುಳುಗಳನ್ನು ಕಳಿಸಿ, ಜೊತೆಗೆ ಅವನ್ನು ಸಾಕುವ ಕ್ರಮ ಬಲ್ಲ ಕೆಲವು ಜನರನ್ನೂ ಕಳಿಸಿ ಎಂದು ಟಿಪ್ಪು ಕೇಳುತ್ತಾನೆ. ಮುತ್ತು ತೆಗೆಯುವ ಮುಳುಗುಗಾರರನ್ನೂ ಕೇಳುತ್ತಾನೆ. ಮೈಸೂರಿನ ರೇಷ್ಮೆಗೆ ಬಂಗಾಳದಿಂದ ಬಂದ ಹುಳುವಿನ ಪಾಲೇ ದೊಡ್ಡದೆಂದು ಇತಿಹಾಸಕಾರರು ಹೇಳುತ್ತಾರೆ, ಅದು ಬೇರೆ ಮಾತು. ಹುಳು ಒಂದೇ ಬಂದರೆ ಸಾಯುತ್ತದೆ, ಸಾಕಬಲ್ಲವನೂ ಬರಬೇಕು ಎಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತು ಎಂಬುದು ನನಗೆ ಇಲ್ಲಿ ಮುಖ್ಯ. ಇನ್ನೂರು ವರ್ಷಗಳ ನಂತರ ಅದೇ ಮಸ್ಕತ್, ಆಸ್ಪತ್ರೆ ಕಟ್ಟಿಸಿ, ಯಂತ್ರ ತರಿಸಿ, ಅವುಗಳ ಜೊತೆಗೆ ನಮ್ಮಂಥವರನ್ನು ಕರೆಸಿಕೊಂಡಿತು.

ತುಮಕೂರಿನ ಹಳ್ಳಿಗಳು ಕಲಿಸಿದ್ದು

ಒಮಾನಿನ ಕಥೆಗೆ ಹೋಗುವ ಮುನ್ನ ಬೆಂಗಳೂರಿಗೆ ಹೋಗಬೇಕು. ಒಮಾನ್‌ನಲ್ಲಿ ನಾವೆಲ್ಲ ದುಡಿದ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಹಿಂದಿನ ವಿಚಾರಕ್ಕೆ ಒಂದು ಬೇರು ಅಲ್ಲಿದೆ.

1950ರ ದಶಕದಲ್ಲಿ ಭಾರತದಲ್ಲಿ ಕ್ಷಯರೋಗ ಎಷ್ಟಿದೆ ಎಂದು ದೇಶದಾದ್ಯಂತ ಮಾದರಿ ಸಮೀಕ್ಷೆ ನಡೆಯಿತು. ಕ್ಷಯ ಪಟ್ಟಣದ ಕಾಯಿಲೆ ಎಂದು ನಂಬಿದ್ದವರಿಗೆ ಅದು ಹಳ್ಳಿಯಲ್ಲೂ ಪಟ್ಟಣದಷ್ಟೇ ಇದೆ ಎಂದು ತಿಳಿಯಿತು. ಹಳ್ಳಿಹಳ್ಳಿಗೆ ಸ್ಯಾನಟೋರಿಯಂ ಕಟ್ಟಲು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ. ಅದೇ ಹೊತ್ತಿಗೆ, 1956ರಲ್ಲಿ, ಮದರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಒಂದು ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆದವು. ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ಮುಂದಾಳತ್ವದಲ್ಲಿ ನಡೆದ ಪ್ರಯೋಗದ ಫಲಿತಾಂಶ 1959ರಲ್ಲಿ ಹೊರಬಂತು. ಇಕ್ಕಟ್ಟಾದ ಮನೆಯಲ್ಲಿದ್ದು, ಬಡವರ ಊಟ ಉಂಡು, ಮಾತ್ರೆ ನುಂಗಿದ ರೋಗಿಗಳೂ ಸ್ಯಾನಟೋರಿಯಂನಲ್ಲಿ ಹಾಲು ಮೊಟ್ಟೆ ತಿಂದು ಮಲಗಿದ್ದವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ಸೋಂಕು ತಗಲುವ ಅಪಾಯವೂ ಹೆಚ್ಚಿರಲಿಲ್ಲ. ಯುರೋಪಿನ ಸ್ಯಾನಟೋರಿಯಂಗಳು ಮುಚ್ಚುವುದಕ್ಕೆ ಮದರಾಸಿನ ಬಡ ರೋಗಿಗಳ ಸಾಕ್ಷ್ಯವೂ ಒಂದು ಕಾರಣವಾಯಿತು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಬಳ್ಳಾರಿ ರಸ್ತೆಯಲ್ಲಿ ಹೋಗಿಬರುವವರು ಅದರ ಫಲಕವನ್ನು ನೋಡಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಕೊಟ್ಟಿತು, ಯುನಿಸೆಫ್ ಉಪಕರಣ ಕೊಟ್ಟಿತು. ಹೊರಗಿನಿಂದ ನೋಡಿದರೆ ಇದೂ ಪೆಟ್ಟಿಗೆಗಳು ಇಳಿಯುವ ಕಥೆಯೇ.

ಆದರೆ ಈ ಸಂಸ್ಥೆಯಲ್ಲಿ ಒಂದು ವಿಶೇಷ ನಡೆಯಿತು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವೇ ಇರುವುದಿಲ್ಲ, ಎಕ್ಸ್-ರೇ ವಾಹನಗಳನ್ನು ತೆಗೆದುಕೊಂಡು ಹೋಗಿ ನಾವೇ ಹುಡುಕಬೇಕು ಎಂಬುದು ಆಗಿನ ತಜ್ಞರ ಸಾಮಾನ್ಯ ನಂಬಿಕೆ. ಸಂಸ್ಥೆಯಲ್ಲಿದ್ದ ವೈದ್ಯ ಹಾಗೂ ಸಮಾಜಶಾಸ್ತ್ರಜ್ಞ ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಇದನ್ನು ಪರೀಕ್ಷೆಗೆ ಒಡ್ಡಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ಎಕ್ಸ್-ರೇಯಲ್ಲಿ ಕ್ಷಯದ ಗುರುತು ಕಂಡವರ ಮನೆಗೆ ಹೋಗಿ, ನಿಮಗೆ ಏನಾಗಿದೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿದರು. 1963ರಲ್ಲಿ ಪ್ರಕಟವಾದ ಅವರ ವರದಿ ತಜ್ಞರ ನಂಬಿಕೆಯನ್ನು ಬುಡಮೇಲು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮಿನ ಅರಿವು ಇತ್ತು, ಅದರ ಚಿಂತೆಯೂ ಇತ್ತು. ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಮಿಕ್ಸ್ಚರ್.

ಎಂದರೆ ಅರಿವು ಮೂಡಬೇಕಾಗಿದ್ದುದು ರೋಗಿಗಲ್ಲ, ಆಸ್ಪತ್ರೆಗೆ. ಕೆಮ್ಮಿಕೊಂಡು ತಾನಾಗಿ ಬರುವವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಸೋಂಕು ಹರಡುವ ರೋಗಿಗಳಲ್ಲಿ ದೊಡ್ಡ ಪಾಲು ಸಿಗುತ್ತಾರೆ ಎಂದು ಅದೇ ಜಿಲ್ಲೆಯಲ್ಲಿ ಮುಂದೆ ನಡೆದ ಅಧ್ಯಯನಗಳು ತೋರಿಸಿದವು. ಭಾರತದ ಜಿಲ್ಲಾ ಕ್ಷಯ ಕಾರ್ಯಕ್ರಮ ಈ ತಳಹದಿಯ ಮೇಲೆ ನಿಂತಿತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಆ ವರದಿ ಬಂದು ಹದಿನೆಂಟು ವರ್ಷವಾದ ಮೇಲೆ, 1981ರಲ್ಲಿ, ನಾನು ಹಳೇ ಮೈಸೂರಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂಟರ್ನ್ ಆಗಿದ್ದೆ. ಆಗ ರೋಗಿಗಳು ಮಿಕ್ಸ್ಚರ್‌ಗೆ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಒಬ್ಬ ರೈತ ಒಂದೂವರೆ ತಿಂಗಳಲ್ಲಿ ಮೂರು ಸಲ ಬಂದ. ಮೂರು ಸಲವೂ ಬಾಟಲಿ ತುಂಬಿಸಿ ಕಳಿಸಿದೆ. ನಾಲ್ಕನೇ ಸಲ ಬಂದಾಗ ಆತ ಹೇಳಿದ: "ಸ್ವಾಮಿ, ಬಾಟಲಿ ತಂದಿಲ್ಲ. ಈ ಸಲ ನನ್ನ ನೋಡಿ." ಕಫ ಪರೀಕ್ಷೆಗೆ ಕಳಿಸಿದೆ, ಕ್ಷಯದ ಕ್ರಿಮಿ ಸಿಕ್ಕಿತು. ಓದಿನಲ್ಲಿ ಬ್ಯಾನರ್ಜಿಯವರ ಹೆಸರು ಬರೆದು ಅಂಕ ತೆಗೆದುಕೊಂಡಿದ್ದ ನನಗೆ ಪಾಠ ಹೇಳಿದ್ದು ಆ ರೈತ.

ತುಮಕೂರಿನ ಪಾಠ ಎಲ್ಲಿಗೆ ಹೋಯಿತು ಎಂಬುದನ್ನೂ ನೋಡಬೇಕು. 1951ರಿಂದ 1961ರವರೆಗೆ ಭಾರತದ ಕ್ಷಯ ಕಾರ್ಯಕ್ರಮದ ಜೊತೆ ಕೆಲಸ ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯ ಹಿರಿಯ ಅಧಿಕಾರಿ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್. ಬೆಂಗಳೂರಿನ ಸಂಸ್ಥೆ ರೂಪುಗೊಂಡ ಕಾಲದಲ್ಲಿ ಅವರು ಇಲ್ಲಿದ್ದರು. 1973ರಲ್ಲಿ ಅವರೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯ ಸೇವೆಯನ್ನು ಘೋಷಿಸಿದಾಗ ಮುಂದೆ ನಿಂತವರು ಅವರು. ದೊಡ್ಡಾಸ್ಪತ್ರೆಗಿಂತ ಮೊದಲು ಜನರ ಹತ್ತಿರದ ಆರೋಗ್ಯ ಕೇಂದ್ರ ಸರಿಯಿರಬೇಕು, ಜನರ ಮಾತು ಕೇಳಬೇಕು ಎಂಬ ಆ ಘೋಷಣೆಯ ಸಾರಕ್ಕೆ ತುಮಕೂರಿನ ಹಳ್ಳಿಗರ ಉತ್ತರಗಳು ಬಹಳ ಹತ್ತಿರದಲ್ಲಿವೆ.

ಕಲಿತದ್ದೆಲ್ಲ ಕೈಗೂಡಿತು ಎಂದೇನೂ ಹೇಳಲಾರೆ. ನಮ್ಮ ದೇಶದ ಕ್ಷಯ ಕಾರ್ಯಕ್ರಮಕ್ಕೆ ಹಣ ಸಾಲಲಿಲ್ಲ, ಔಷಧಿ ಸರಿಯಾಗಿ ತಲುಪಲಿಲ್ಲ. 1992ರ ಪರಾಮರ್ಶೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡುವವರು ಬಹಳ ಕಡಿಮೆ ಎಂದು ಕಂಡುಬಂತು. ಅಷ್ಟರಲ್ಲಿ ಕರೆಲ್ ಸ್ಟಿಬ್ಲೊ ಎಂಬ ಚೆಕ್ ವೈದ್ಯರು ಟಾಂಜಾನಿಯಾದಲ್ಲಿ ಕಫ ಪರೀಕ್ಷೆ, ತಪ್ಪದ ಔಷಧಿ ಸರಬರಾಜು, ಪ್ರತಿಯೊಬ್ಬ ರೋಗಿಯ ಲೆಕ್ಕ ಇವನ್ನೆಲ್ಲ ಒಂದು ಕಟ್ಟುನಿಟ್ಟಿನ ಕ್ರಮಕ್ಕೆ ತಂದಿದ್ದರು. ಅದು ಡಾಟ್ಸ್ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂತು. ಬೆಂಗಳೂರು, ಮದರಾಸುಗಳಲ್ಲಿ ಸಿಕ್ಕ ಅರಿವು ಆಫ್ರಿಕಾವನ್ನು ಸುತ್ತಿಕೊಂಡು, ಇನ್ನಷ್ಟು ಗಟ್ಟಿಯಾಗಿ ಮನೆಗೆ ಮರಳಿತು.

1970ರ ನಂತರದ ಒಮಾನ್

ಈಗ ನಾವಿರುವ ನೆಲಕ್ಕೆ ಬರೋಣ. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ದೇಶದಲ್ಲಿ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರ್, ಶಾಲೆಗಳು ಮೂರು. ಆಸ್ಪತ್ರೆ ಎಂದರೆ ಬಹುಮಟ್ಟಿಗೆ ಮಸ್ಕತ್ ಮತ್ತು ಮತ್ರಾದಲ್ಲಿದ್ದ ಅಮೆರಿಕನ್ ಮಿಷನ್ನಿನವು. ಅಲ್ಲಿ ವೆಲ್ಸ್ ಥಾಮ್ಸ್ ಎಂಬ ವೈದ್ಯರು 1939ರಿಂದ ಮೂರು ದಶಕ ದುಡಿದರು. ಅವರ ತಂದೆ ಶರಾನ್ ಥಾಮ್ಸ್ ಕೂಡ ಮಸ್ಕತ್‌ನಲ್ಲಿ ವೈದ್ಯರಾಗಿದ್ದು, 1913ರಲ್ಲಿ ಇಲ್ಲೇ ತೀರಿಕೊಂಡವರು. ಆ ಕಾಲದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಮೊದಲ ವರ್ಷ ದಾಟುತ್ತಿರಲಿಲ್ಲ. ಮಲೇರಿಯಾ, ಟ್ರಕೋಮಾ, ಕ್ಷಯ ಎಲ್ಲೆಡೆ ಇದ್ದವು.

ಒಮಾನ್ 1971ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯನಾಯಿತು. 1976ರಿಂದ ಪಂಚವಾರ್ಷಿಕ ಯೋಜನೆಗಳು ಶುರುವಾದವು. ತೈಲದ ಆದಾಯ ಬರುತ್ತಿದ್ದುದರಿಂದ ಒಮಾನ್ ಹೊರಗಿನಿಂದ ಬಯಸಿದ್ದು ಮುಖ್ಯವಾಗಿ ಹಣವನ್ನಲ್ಲ, ತಿಳಿವಳಿಕೆಯನ್ನು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳಿಂದ ಸಲಹೆ ಪಡೆದು, ಭಾರತ, ಈಜಿಪ್ಟ್, ಸುಡಾನ್, ಪಾಕಿಸ್ತಾನ, ಫಿಲಿಪೈನ್ಸ್‌ಗಳಿಂದ ವೈದ್ಯರನ್ನೂ ದಾದಿಯರನ್ನೂ ಕರೆಸಿ, ಸಂಬಳವನ್ನು ತಾನೇ ಕೊಟ್ಟಿತು. ಪ್ರತಿ ವಿಲಾಯತ್‌ನಲ್ಲೂ ಆರೋಗ್ಯ ಕೇಂದ್ರಗಳು ಎದ್ದವು. 1986ರಲ್ಲಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ ಆರಂಭವಾಗಿ ಒಮಾನಿ ಯುವಕ ಯುವತಿಯರು ಇಲ್ಲಿಯೇ ವೈದ್ಯರಾಗತೊಡಗಿದರು.

ಅದೇ 1986ರಲ್ಲಿ ನಾನು ಶರ್ಕಿಯಾ ಭಾಗದ ಒಂದು ಆರೋಗ್ಯ ಕೇಂದ್ರಕ್ಕೆ ಬಂದೆ. ಕಲಿಸಲು ಬಂದಿದ್ದೇನೆ ಎಂಬ ಠೀವಿ ಸ್ವಲ್ಪ ಇತ್ತು. ಮೊದಲ ವಾರವೇ ಹೊಟ್ಟೆಯ ಮೇಲೆ ಸುಟ್ಟ ಗಾಯದ ಗುರುತಿದ್ದ ಒಂದು ಕೂಸು ಬಂತು. ಇಲ್ಲಿ ಇದನ್ನು ವಸ್ಮ್ ಎನ್ನುತ್ತಾರೆ, ಕಾದ ಕಬ್ಬಿಣದಿಂದ ಸುಡುವ ನಾಟಿ ಚಿಕಿತ್ಸೆ. ನಾನು ಅಜ್ಜಿಯ ಮೇಲೆ ರೇಗಿದೆ. ಆಕೆ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಆಗ ಅಲ್ಲಿದ್ದ ಒಮಾನಿ ದಾದಿ ಹೊರಗೆ ಓಡಿಹೋಗಿ, ಅಜ್ಜಿಯ ಜೊತೆ ಕೂತು, ಖಾವಾ ಕುಡಿಸಿ, ಕಾಲು ಗಂಟೆ ಊರಿನ ಸುದ್ದಿ ಮಾತಾಡಿ, ಮಗುವನ್ನು ವಾಪಸ್ ಕರೆತಂದಳು. "ಮೊದಲು ಸಲಾಂ, ಆಮೇಲೆ ಔಷಧಿ, ದಕ್ತೂರ್" ಎಂದಳು. ನಮ್ಮೂರಲ್ಲೂ ಕಾಮಾಲೆಗೆ ಬರೆ ಹಾಕುತ್ತಾರಲ್ಲ! ನನ್ನ ಅಜ್ಜಿಯೂ ಆ ಅಜ್ಜಿಯೂ ಒಂದೇ ಶಾಲೆಯಲ್ಲಿ ಓದಿದವರು ಎಂದು ಆಮೇಲೆ ಹೊಳೆಯಿತು.

ಪೂರ್ತಿ ತುಂಬಿದ ಲಸಿಕೆ ಕಾರ್ಡು

1988ರ ಜನವರಿಯಿಂದ 1989ರ ಮಾರ್ಚ್‌ವರೆಗೆ ಒಮಾನಿನಲ್ಲಿ ಪೋಲಿಯೊ ಸಿಡಿಯಿತು. ಒಟ್ಟು 118 ಮಕ್ಕಳಿಗೆ ಪಾರ್ಶ್ವವಾಯು ಬಡಿಯಿತು, ಅವರಲ್ಲಿ ಎರಡು ವರ್ಷದೊಳಗಿನ ಕೂಸುಗಳೇ ಹೆಚ್ಚು. ದುರ್ದೈವವೆಂದರೆ ಅದಕ್ಕೆ ಮೊದಲಷ್ಟೇ ಲಸಿಕಾ ಕಾರ್ಯಕ್ರಮ ಚುರುಕಾಗಿತ್ತು. ಒಂದು ವರ್ಷ ತುಂಬಿದ ಮಕ್ಕಳಲ್ಲಿ ಮೂರು ಡೋಸು ಪೋಲಿಯೊ ಹನಿ ಪಡೆದವರ ಪ್ರಮಾಣ ಶೇಕಡಾ 67ರಿಂದ 87ಕ್ಕೆ ಏರಿತ್ತು. ಎಲ್ಲ ಸರಿಯಾಗಿ ಮಾಡಿದ ದೇಶಕ್ಕೇ ಈ ಪೆಟ್ಟು ಬಿತ್ತು.

ನನ್ನ ಬಳಿಗೂ ಒಂದು ಮಗು ಬಂತು. ಕಾಲು ನಿಲ್ಲುತ್ತಿರಲಿಲ್ಲ. ತಾಯಿ ಏನೂ ಮಾತಾಡದೆ ಲಸಿಕೆ ಕಾರ್ಡನ್ನು ಮೇಜಿನ ಮೇಲಿಟ್ಟಳು. ಎಲ್ಲ ಡೋಸಿನ ಗುರುತೂ ಇತ್ತು. ಹೇಳಿದ ದಿನಕ್ಕೆಲ್ಲ ಬಂದಿದ್ದೇನೆ, ಹೀಗೇಕೆ ಆಯಿತು ಎಂದು ಆ ಕಾರ್ಡೇ ಕೇಳುತ್ತಿತ್ತು.

ನನಗೆ ಹೊಳೆದ ಉತ್ತರ ಒಂದೇ: ಫ್ರಿಜ್ ಕೆಟ್ಟಿರಬೇಕು. ಪೋಲಿಯೊ ಹನಿ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಲಸಿಕೆಯ ಫ್ರಿಜ್ ನೋಡಿಕೊಳ್ಳುತ್ತಿದ್ದವನು ಒಬ್ಬ ಒಮಾನಿ ಯುವ ಸಹಾಯಕ. ಅವನನ್ನು ಕರೆದು, ಎಲ್ಲರೆದುರು, ಎಷ್ಟು ದಿನ ಫ್ರಿಜ್ ಆಫ್ ಆಗಿತ್ತು ಎಂದು ಕೇಳಿದೆ. ಅವನು ತಾಪಮಾನದ ಪುಸ್ತಕ ತಂದು ಮುಂದಿಟ್ಟ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಸಂಜೆ, ಅರಬ್ಬಿ ಅಂಕಿಯಲ್ಲಿ ಬರೆದಿದ್ದ. ಎರಡು ವರ್ಷವಾದರೂ ನನಗೆ ಆ ಅಂಕಿಗಳು ಸರಾಗವಾಗಿ ಬರುತ್ತಿರಲಿಲ್ಲ. ಓದಲು ಬಾರದ ಪುಸ್ತಕವನ್ನು ನಂಬದೆ ಬದಿಗಿಟ್ಟೆ.

ಒಮಾನಿನ ಆರೋಗ್ಯ ಸಚಿವಾಲಯ ನನಗಿಂತ ಚೆನ್ನಾಗಿ ನಡೆದುಕೊಂಡಿತು. ಮುಜುಗರದ ವಿಷಯವೆಂದು ಮುಚ್ಚಿಡದೆ, ಹೊರಗಿನ ಪರಿಣತರ ಜೊತೆ ಸೇರಿ ಕಾರಣ ಹುಡುಕಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ರೋಲಂಡ್ ಸಟರ್ ಮತ್ತು ಸಂಗಡಿಗರು ಇಲ್ಲಿಯವರ ಜೊತೆ ನಡೆಸಿದ ಅಧ್ಯಯನ 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರ ಮುಖ್ಯ ಅಂಶಗಳು ಇವು. ಮೂರು ಡೋಸು ಲಸಿಕೆ ಪಾರ್ಶ್ವವಾಯುವಿನ ಅಪಾಯವನ್ನು ಶೇಕಡಾ 91ರಷ್ಟು ಕಡಿಮೆ ಮಾಡಿತ್ತು, ಎಂದರೆ ಲಸಿಕೆ ಕೆಲಸ ಮಾಡಿತ್ತು. ಲಸಿಕೆಯ ಸತ್ವದಲ್ಲಾಗಲಿ, ಅದನ್ನು ತಂಪಾಗಿ ಸಾಗಿಸಿ ಕಾಪಾಡುವ ವ್ಯವಸ್ಥೆಯಲ್ಲಾಗಲಿ ಈ ರೋಗಕ್ಕೆ ಕಾರಣ ಸಿಗಲಿಲ್ಲ. ಪೂರ್ತಿ ಲಸಿಕೆ ಪಡೆದ ಮಕ್ಕಳ ನಡುವೆಯೂ ವೈರಸ್ ವ್ಯಾಪಕವಾಗಿ ಹರಿದಾಡಿತ್ತು. ವೈರಸ್ಸಿನ ವಂಶವನ್ನು ಪರೀಕ್ಷಿಸಿದಾಗ ಅದು ಮಧ್ಯಪ್ರಾಚ್ಯದ್ದಲ್ಲ, ದಕ್ಷಿಣ ಏಷ್ಯಾದಿಂದ ಹೊಸದಾಗಿ ಬಂದದ್ದು ಎಂದು ತಿಳಿಯಿತು.

ದಕ್ಷಿಣ ಏಷ್ಯಾ ಎಂದರೆ ನಮ್ಮ ಕಡೆ. ಯಾವ ಊರು, ಯಾರ ಮೂಲಕ ಎಂಬುದು ಮುಖ್ಯವಲ್ಲ, ಯಾರ ತಪ್ಪೂ ಅಲ್ಲ. ಆದರೂ ಅಕ್ಕಿ ಹೊತ್ತು ತಂದ ಕಡಲ ದಾರಿಯ ಮೇಲೇ ಈಗ ಓಡಾಡುವ ವಿಮಾನಗಳಲ್ಲಿ, ವೈದ್ಯರು ದಾದಿಯರ ಜೊತೆಗೆ ಕಾಯಿಲೆಯೂ ಬಂದೀತು ಎಂಬುದು ಅಂದು ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಬೆರಳು ತೋರಿಸಿದ್ದು ಫ್ರಿಜ್ಜಿನ ಕಡೆಗೆ.

ಆ ಯುವಕ ಅಷ್ಟರಲ್ಲಿ ಬೇರೆ ಕೇಂದ್ರಕ್ಕೆ ವರ್ಗವಾಗಿದ್ದ. ಒಂದು ಶುಕ್ರವಾರ ಅವನ ಹಳ್ಳಿಗೆ ಹೋಗಿ, ತಪ್ಪು ನನ್ನದು ಎಂದು ಹೇಳಿದೆ. "ಮಾಫಿ ಮುಶ್ಕಿಲ್, ದಕ್ತೂರ್" ಎಂದು ಖರ್ಜೂರದ ತಟ್ಟೆ ಮುಂದೆ ಸರಿಸಿದ. ಅಂದಿನಿಂದ ಅರಬ್ಬಿ ಅಂಕಿ ಕಲಿತೆ.

ಮಸ್ಕತ್‌ನಿಂದ ಕರ್ನಾಟಕಕ್ಕೆ

1988ರ ಮೇ ತಿಂಗಳಲ್ಲಿ ಪೋಲಿಯೊವನ್ನು ಭೂಮಿಯಿಂದಲೇ ಅಳಿಸಬೇಕೆಂದು ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿತ್ತು. ಅದೇ ವರ್ಷದ ಒಮಾನಿನ ಅನುಭವ ಒಂದು ಎಚ್ಚರಿಕೆಯಾಯಿತು. ವಾಡಿಕೆಯ ಮೂರು ಡೋಸು ಚೆನ್ನಾಗಿ ಹಾಕಿದ ಮಾತ್ರಕ್ಕೆ ವೈರಸ್ ನಿಲ್ಲುವುದಿಲ್ಲ, ಹೆಚ್ಚುವರಿ ಡೋಸು ಬೇಕು, ಲಸಿಕೆಯನ್ನೇ ಸುಧಾರಿಸಬೇಕು ಎಂದು ಅದು ಹೇಳಿತು. ಒಮಾನ್ ಅಲ್ಲಿಗೇ ನಿಲ್ಲಲಿಲ್ಲ. 1993ರ ನಂತರ ಇಲ್ಲಿ ಪೋಲಿಯೊ ಕಾಣಿಸಲಿಲ್ಲ. ತನ್ನ ಮನೆಯ ಬೆಂಕಿ ಆರಿದ ಮೇಲೂ ಅದು ಬೇರೆಯವರಿಗೆ ಉಪಯೋಗವಾಗುವ ಪ್ರಯೋಗಗಳಿಗೆ ಜಾಗ ಕೊಟ್ಟಿತು. ಹನಿ ಮತ್ತು ಚುಚ್ಚುಮದ್ದು ಎರಡನ್ನೂ ಜೊತೆಯಾಗಿ ಕೊಟ್ಟರೆ ಹೇಗೆ ಎಂಬ ಅಧ್ಯಯನ ಗ್ಯಾಂಬಿಯಾ, ಥಾಯ್ಲೆಂಡ್‌ಗಳ ಜೊತೆ ಒಮಾನಿನಲ್ಲೂ ನಡೆಯಿತು.

2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಮೊದಲ ಲೇಖಕರು ಒಮಾನಿನ ಆರೋಗ್ಯ ಸಚಿವಾಲಯದ ಅಲಿ ಜಾಫರ್ ಮೊಹಮ್ಮದ್. ಸಟರ್ ಅವರ ಹೆಸರೂ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ಕಾರಣ ಹುಡುಕಲು ಬಂದವರು ಈಗ ಒಮಾನಿ ಮುಂದಾಳತ್ವದ ತಂಡದಲ್ಲಿ ಒಬ್ಬರಾಗಿದ್ದರು. ಪ್ರಶ್ನೆ ಸರಳವಾಗಿತ್ತು. ಪೋಲಿಯೊ ಚುಚ್ಚುಮದ್ದು ದುಬಾರಿ. ಸ್ನಾಯುವಿಗೆ ಪೂರ್ತಿ ಅರ್ಧ ಮಿಲಿಲೀಟರ್ ಕೊಡುವ ಬದಲು, ಐದನೇ ಒಂದು ಪಾಲನ್ನು ಚರ್ಮದೊಳಗೆ ಕೊಟ್ಟರೆ ಸಾಕೇ? ಚರ್ಮದಲ್ಲಿ ಹೊರಗಿನ ವಸ್ತುವನ್ನು ಗುರುತಿಸಿ ದೇಹದ ರಕ್ಷಣಾ ಪಡೆಗೆ ಸುದ್ದಿ ಮುಟ್ಟಿಸುವ ಜೀವಕೋಶಗಳು ಹೆಚ್ಚಾಗಿರುತ್ತವೆ. ಆದ್ದರಿಂದ ಕಡಿಮೆ ಮದ್ದಿಗೂ ಒಳ್ಳೆಯ ಪ್ರತಿರೋಧ ಬರಬಹುದೆಂಬ ಲೆಕ್ಕಾಚಾರ. 2, 4, 6ನೇ ತಿಂಗಳಲ್ಲಿ ಲಸಿಕೆ ಪಡೆದ 400 ಒಮಾನಿ ಕೂಸುಗಳು ಉತ್ತರ ಕೊಟ್ಟವು. ಮೂರು ಡೋಸಿನ ನಂತರ ಎರಡೂ ಗುಂಪಿನ ಬಹುತೇಕ ಎಲ್ಲ ಮಕ್ಕಳಲ್ಲೂ ಪ್ರತಿರೋಧ ಬಂದಿತ್ತು. ರಕ್ತದಲ್ಲಿನ ಪ್ರತಿಕಾಯಗಳ ಮಟ್ಟ ಸಣ್ಣ ಡೋಸಿನವರಲ್ಲಿ ಕಡಿಮೆ ಇತ್ತು. ಅದನ್ನೂ ಪ್ರಬಂಧ ಮುಚ್ಚಿಡದೆ ಹೇಳಿತು. ಕ್ಯೂಬಾ, ಬಾಂಗ್ಲಾದೇಶಗಳ ಅಧ್ಯಯನಗಳೂ ಸೇರಿ ಸಾಕ್ಷ್ಯ ಗಟ್ಟಿಯಾಯಿತು.

2016ರ ಏಪ್ರಿಲ್‌ನಲ್ಲಿ ಜಗತ್ತಿನ ದೇಶಗಳೆಲ್ಲ ಹಳೆಯ ಪೋಲಿಯೊ ಹನಿಯನ್ನು ಬಿಟ್ಟು ಹೊಸದಕ್ಕೆ ಬದಲಾದವು. ಅದರ ಜೊತೆಗೆ ಚುಚ್ಚುಮದ್ದೂ ಬೇಕಿತ್ತು, ಆದರೆ ಜಗತ್ತಿನಲ್ಲೇ ಅದರ ಕೊರತೆಯಾಯಿತು. ಆಗ ಭಾರತ ಧೈರ್ಯದ ಹೆಜ್ಜೆ ಇಟ್ಟಿತು. ಸಣ್ಣ ಡೋಸನ್ನು ಮೊದಲು ಎಂಟು ಕಡೆ ಜಾರಿಗೆ ತಂದಿತು. ಅವುಗಳಲ್ಲಿ ಕರ್ನಾಟಕವೂ ಒಂದು. ಐವರು ಮಕ್ಕಳಿಗೆ ಸಾಲುತ್ತಿದ್ದ ಸೀಸೆ ಇಪ್ಪತ್ತೈದು ಮಕ್ಕಳಿಗೆ ಆಯಿತು. ಆರನೇ ಮತ್ತು ಹದಿನಾಲ್ಕನೇ ವಾರದಲ್ಲಿ ಬಲತೋಳಿಗೆ 0.1 ಮಿಲಿಲೀಟರ್. ನನ್ನ ತಂಗಿಯ ಮೊಮ್ಮಗನ ತೋಳಿನ ಮೇಲೆ ಎದ್ದ ಬೇಳೆಕಾಳು ಅದೇ.

ನಮ್ಮ ಕಡೆಯಿಂದ ಒಮಾನಿಗೆ ವೈರಸ್ ಬಂತು. ಒಮಾನಿನಿಂದ ನಮ್ಮ ಕಡೆಗೆ, ಕಾಲು ಕಳೆದುಕೊಂಡ ಮಕ್ಕಳ ನೋವಿನಿಂದ ಶುರುವಾದ ತಿಳಿವಳಿಕೆ ಹೋಯಿತು. ಯಾರು ಕೊಟ್ಟವರು, ಯಾರು ಪಡೆದವರು?

ನಾವು ಬಿಟ್ಟುಹೋಗುವುದೇನು

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2010ರ ಮಾನವ ಅಭಿವೃದ್ಧಿ ವರದಿ ನಲವತ್ತು ವರ್ಷಗಳ ಪ್ರಗತಿಯನ್ನು ಅಳೆದಾಗ 135 ದೇಶಗಳಲ್ಲಿ ಎಲ್ಲಕ್ಕಿಂತ ಮುಂದೆ ಸಾಗಿದ್ದು ಒಮಾನ್. ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡಿದ ಮೊದಲ ದೇಶವೆಂದು 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನ್ನಣೆ ಕೊಟ್ಟದ್ದೂ ಒಮಾನಿಗೇ. ಈ ಸಾಧನೆಯಲ್ಲಿ ನಮ್ಮವರ ಬೆವರೂ ಇದೆ ಎಂದು ನಾವು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ನಿಜ, ಇದೆ. ಆದರೆ ಲೆಕ್ಕದ ಇನ್ನೊಂದು ಪುಟವನ್ನು ನಾವು ಬರೆದಿಲ್ಲ. ಇಲ್ಲಿಂದ ನಾವು ಕಲಿತದ್ದೇನು?

ಅದು ಕಡಿಮೆಯದ್ದಲ್ಲ. ತಪ್ಪಾದಾಗ ಮುಚ್ಚಿಡದೆ ಹುಡುಕುವುದನ್ನು ಇಲ್ಲಿ ಕಂಡೆ. ಊರಿನ ಹೆಂಗಸರನ್ನೇ ಸ್ವಯಂಸೇವಕಿಯರಾಗಿ ತರಬೇತುಗೊಳಿಸಿ ಮನೆಮನೆಗೆ ಆರೋಗ್ಯದ ಮಾತು ತಲುಪಿಸುವುದನ್ನು ಇಲ್ಲಿ ಕಂಡೆ. ಸಲಾಂ ಮೊದಲು, ಔಷಧಿ ಆಮೇಲೆ ಎಂಬುದನ್ನು ಇಲ್ಲಿ ಕಲಿತೆ. ನನ್ನ ಮೇಷ್ಟ್ರುಗಳಾದ ಆ ದಾದಿಯ, ಆ ಫ್ರಿಜ್ ಸಹಾಯಕನ ಹೆಸರು ಯಾವ ಸಂಶೋಧನಾ ಪ್ರಬಂಧದಲ್ಲೂ ಬಂದಿಲ್ಲ. ತುಮಕೂರಿನ ಹಳ್ಳಿಗಳಲ್ಲಿ ಉತ್ತರ ಕೊಟ್ಟ ರೈತರ ಹೆಸರೂ ಬಂದಿಲ್ಲ.

ಒಮಾನೀಕರಣ 1988ರಿಂದ ನಡೆದುಬಂದಿದೆ. ನಾವು ಕೂತಿದ್ದ ಕುರ್ಚಿಗಳಲ್ಲಿ ಈಗ ಒಮಾನಿ ವೈದ್ಯರು, ದಾದಿಯರು, ಎಂಜಿನಿಯರುಗಳು, ಶಿಕ್ಷಕರು ಕೂತಿದ್ದಾರೆ. ಕೆಲವು ಮನೆಗಳಲ್ಲಿ ಇದರಿಂದ ಕಷ್ಟವಾಗಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಕಲಿಸಲು ಬಂದವನ ಕೆಲಸ ಮುಗಿಯುವುದು ಕಲಿತವನು ಕುರ್ಚಿಯಲ್ಲಿ ಕೂತಾಗಲೇ. ನನ್ನ ಕೊಠಡಿಗೆ ನನ್ನ ನಂತರ ಬಂದ ಒಮಾನಿ ವೈದ್ಯೆ ನಿವೃತ್ತಿಯ ದಿನ ನನ್ನ ರಕ್ತದೊತ್ತಡ ನೋಡಿ, ಉಪ್ಪಿನಕಾಯಿ ಬಿಡಿ ಎಂದರು. ಬಿಟ್ಟಿದ್ದೇನೆ.

ಸಂಘದ ಹಿರಿಯ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೇ. ಊರಿಗೆ ಮರಳುವ ಮುನ್ನ ಪ್ರತಿಯೊಬ್ಬರೂ ಒಂದು ಪುಟ ಬರೆದಿಡಿ. ಒಮಾನಿಗೆ ಏನು ಕೊಟ್ಟಿರಿ ಎಂದಲ್ಲ, ಅದನ್ನು ನಮ್ಮ ಬಯೋಡಾಟಾಗಳೇ ಹೇಳುತ್ತವೆ. ಒಮಾನಿನಲ್ಲಿ ಯಾರಿಂದ, ಏನನ್ನು, ಹೇಗೆ ಕಲಿತಿರಿ ಎಂದು ಬರೆಯಿರಿ. ಫಲಜ್‌ನ ನೀರನ್ನು ಗಳಿಗೆ ಲೆಕ್ಕದಲ್ಲಿ ಜಗಳವಿಲ್ಲದೆ ಹಂಚಿಕೊಳ್ಳುವುದನ್ನು ನೋಡಿದ ಎಂಜಿನಿಯರ್ ಬರೆಯಲಿ. ಕ್ಲಾಸಿನ ಮಕ್ಕಳಿಂದ ಅರಬ್ಬಿ ಕಲಿತ ಮೇಷ್ಟ್ರು ಬರೆಯಲಿ. ನಮ್ಮ ಮಕ್ಕಳು ಮುಂದೆ ಓದಿದಾಗ, ತಂದೆ ತಾಯಿ ಪರದೇಶದಲ್ಲಿ ಬರೀ ದುಡಿದರು ಎಂದಷ್ಟೇ ತಿಳಿಯಬಾರದು.

ನನ್ನ ಪುಟ ಇದು. ಮುಂದಿನ ಸಲ ಊರಿಗೆ ಹೋದಾಗ ಅಂಗನವಾಡಿಯ ಆ ಸಿಸ್ಟರ್‌ಗೆ, ಕೆಲಸದ ಹೊತ್ತು ಮುಗಿದ ಮೇಲೆ, ಆ ಸಣ್ಣ ಸೂಜಿ ಬಂದ ದಾರಿಯನ್ನು ಹೇಳಬೇಕೆಂದಿದ್ದೇನೆ. ಆಕೆಗೂ ನನಗೆ ಹೇಳುವುದು ಏನಾದರೂ ಇದ್ದೇ ಇರುತ್ತದೆ.